ನೀರು ಕುಡಿದರೆ ಕೆಮ್ಮು ಏಕೆ?

ಪ್ರಶ್ನೆ: ತಂದೆಗೆ 72 ವರ್ಷ. ಪಾರ್ಶ್ವವಾಯು ಆದಮೇಲೆ ಅನ್ನ ಹೇಗೋ ಇಳಿಯುತ್ತದೆ, ನೀರು ಕುಡಿದರೆ ಮಾತ್ರ ಕೆಮ್ಮು. ಏನು ಮಾಡಬೇಕು?

ಉತ್ತರ: ನುಂಗುವಾಗ ಉಸಿರು ಸುಮಾರು ಒಂದು ಸೆಕೆಂಡು ನಿಲ್ಲುತ್ತದೆ. ಅಷ್ಟರಲ್ಲಿ ಧ್ವನಿಪೆಟ್ಟಿಗೆ ಮೇಲೇರಿ, ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ. ನುಂಗಿದ ಕೂಡಲೇ ಸಾಮಾನ್ಯವಾಗಿ ಉಸಿರು ಹೊರಕ್ಕೇ ಬರುತ್ತದೆ. ಹಾಗಾಗಿ ಶ್ವಾಸನಾಳದ ಬಾಗಿಲಲ್ಲಿ ಉಳಿದದ್ದು ಒಳಗೆ ಎಳೆದುಹೋಗುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಈ ಮುಚ್ಚುವಿಕೆ ತಡವಾಗಬಹುದು. ಅನ್ನ ನಿಧಾನಕ್ಕೆ ಜಾರುತ್ತದೆ, ನೀರು ಕಾಯುವುದಿಲ್ಲ, ಶ್ವಾಸನಾಳಕ್ಕೆ ಇಳಿದುಬಿಡುತ್ತದೆ. ಕೆಮ್ಮು ಬರುತ್ತಿರುವುದು ಒಂದು ರೀತಿಯಲ್ಲಿ ಪುಣ್ಯ. ಕೆಲವರಿಗೆ ಕೆಮ್ಮೇ ಇಲ್ಲದೆ ಇಳಿಯುತ್ತದೆ, ಅದು ಇನ್ನೂ ಅಪಾಯ.

ಬೇಗನೆ ವೈದ್ಯರಿಗೆ ತಿಳಿಸಿ, ವಾಕ್ ಚಿಕಿತ್ಸಕರಿಂದ (ಸ್ಪೀಚ್ ಥೆರಪಿಸ್ಟ್) ನುಂಗುವಿಕೆ ಪರೀಕ್ಷೆ ಮಾಡಿಸಿ. ನೀರನ್ನು ಗಂಜಿಯಷ್ಟು ಮಂದ ಮಾಡುವುದು, ಗದ್ದ ತಗ್ಗಿಸಿ ನುಂಗುವುದು ಎಲ್ಲರಿಗೂ ಹೊಂದುವುದಿಲ್ಲ. ಅವರೇ ನೋಡಿ ಹೇಳಬೇಕು. ಉಣಿಸುವಾಗ ನೆಟ್ಟಗೆ ಕೂರಿಸಿ, ಟೀ ಚಮಚದಲ್ಲಿ ಒಂದೊಂದೇ ಗುಟುಕು. ತೂಕಡಿಸುತ್ತಿದ್ದರೆ ಬೇಡವೇ ಬೇಡ. ಉಂಡ ಮೇಲೆ 30 ನಿಮಿಷ ಮಲಗಿಸಬೇಡಿ.

ಮನೆಯವರು ಮರೆಯುವುದು ಬಾಯಿಯನ್ನು. ನ್ಯುಮೋನಿಯಾ ತರುವುದು ಬರೀ ನೀರಲ್ಲ, ಅದರ ಜೊತೆ ಇಳಿಯುವ ಬಾಯಿಯ ಬ್ಯಾಕ್ಟೀರಿಯಾ. ಹಲ್ಲು, ನಾಲಿಗೆ, ಹಲ್ಲುಸೆಟ್ಟು ದಿನಕ್ಕೆ 2 ಸಲ ಉಜ್ಜಿ. ಗಂಟಲಲ್ಲಿ ಗೊರಗೊರ, ಜ್ವರ, ಏದುಸಿರು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದವರಲ್ಲಿ ಜ್ವರವಿಲ್ಲದೆ ಬರೀ ಮಂಕು ಕವಿದರೂ ಅಷ್ಟೇ.