ಶನಿವಾರ ಮಾತ್ರ ಹೋಗಬೇಡಿ, ಮೇಷ್ಟ್ರೇ

ಪ್ರಶ್ನೆ: ಮೇಡಂ, ನ್ಯೂಯಾರ್ಕಿನಲ್ಲಿರುವ ಮಗಳ ಮನೆಗೆ ಮುಂದಿನ ತಿಂಗಳು ಹೋಗುತ್ತಿದ್ದೇನೆ. ಎತ್ತರದ ಕಟ್ಟಡ, ಪ್ರತಿಮೆ ಎಲ್ಲ ಅವಳು ತೋರಿಸುತ್ತಾಳೆ. ನಾನು ಇತಿಹಾಸದ ಮೇಷ್ಟ್ರು. ವಲಸೆ ಬಂದ ಯಹೂದಿಗಳು ಬದುಕು ಕಟ್ಟಿಕೊಂಡ ಲೋಯರ್ ಈಸ್ಟ್ ಸೈಡ್ ಬೀದಿಗಳಲ್ಲಿ ಅಡ್ಡಾಡುವ ಆಸೆ. ಎಲ್ಲಿಂದ ಶುರು ಮಾಡಲಿ? ಮಂಡಿ ನೋವಿದೆ. ಸಸ್ಯಾಹಾರಿ.
– ನಿವೃತ್ತ ಶಿಕ್ಷಕರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮೇಷ್ಟ್ರೇ, ಶನಿವಾರ ಬೇಡ. ಅದು ಯಹೂದಿಗಳ ಸಬ್ಬತ್, ಅಂದರೆ ಕೆಲಸ ನಿಲ್ಲಿಸಿ ವಿಶ್ರಾಂತಿ, ಪ್ರಾರ್ಥನೆಗೆ ಮೀಸಲಿಟ್ಟ ದಿನ. ನಾನು ಗೊತ್ತಿಲ್ಲದೆ ಅವತ್ತೇ ಹೋಗಿ, ಎಲ್ಡ್ರಿಜ್ ಸ್ಟ್ರೀಟಿನ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಮುಂದೆ ಸುಮ್ನೆ ನಿಂತು ವಾಪಸ್ ಬಂದವಳು. ಸೊಸೆ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ. ಭಾನುವಾರ ಹೋಗಿ.

ಎಫ್ ರೈಲಿನಲ್ಲಿ ಈಸ್ಟ್ ಬ್ರಾಡ್‌ವೇ ನಿಲ್ದಾಣಕ್ಕೆ ಬನ್ನಿ. ಪಕ್ಕದಲ್ಲೇ ಸೆವರ್ಡ್ ಪಾರ್ಕ್. ಬೆಂಚಿನ ಮೇಲೆ ಕೂತು ತಲೆ ಎತ್ತಿ. ಹತ್ತು ಅಂತಸ್ತಿನ ಕಟ್ಟಡ ಕಾಣುತ್ತದೆ. ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್ ಭಾಷೆಯ ‘ಫಾರ್ವರ್ಡ್’ ದಿನಪತ್ರಿಕೆ 1912ರಲ್ಲಿ ಕಟ್ಟಿಸಿದ್ದು. ಗೋಡೆಯಲ್ಲಿ ಮಾರ್ಕ್ಸ್, ಎಂಗೆಲ್ಸ್ ಮುಖಗಳನ್ನು ಕೆತ್ತಿದ್ದಾರೆ. ಹತ್ತಿ ಮಿಲ್ಲಿನ ಯೂನಿಯನ್ ಕೆಂಪು ಬಾವುಟ ನೋಡಿ ಬೆಳೆದ ನಮ್ಮೂರಿನವರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ, ಅಲ್ವಾ? ಈಗ ಒಳಗೆ ದುಬಾರಿ ಅಪಾರ್ಟ್‌ಮೆಂಟ್‌ಗಳಿವೆ. ಮಾರ್ಕ್ಸ್ ಬಾಗಿಲು ಕಾಯುತ್ತಿದ್ದಾರೆ!

ಈ ಪತ್ರಿಕೆ ಮೇಲೆ ನನಗೆ ಬೇರೆಯೇ ಮಮತೆ. 1906ರಲ್ಲಿ ಅದರ ಸಂಪಾದಕ ಅಬ್ರಹಾಂ ಕಹಾನ್ ಓದುಗರ ಪ್ರಶ್ನೋತ್ತರ ಶುರು ಮಾಡಿದರು. ‘ಬಿಂಟೆಲ್ ಬ್ರೀಫ್’, ಅಂದರೆ ಪತ್ರಗಳ ಕಟ್ಟು. ಹೊಸ ಊರಲ್ಲಿ ಕೆಲಸ, ಮದುವೆ, ಮಕ್ಕಳು, ದೇವರು, ಎಲ್ಲದರ ಬಗ್ಗೆಯೂ ಜನ ಅಲ್ಲಿಗೆ ಬರೆದು ಕೇಳುತ್ತಿದ್ದರು. ಹೆಂಡತಿಯನ್ನು ಬಿಟ್ಟು ಓಡಿಹೋದ ಗಂಡಂದಿರ ಫೋಟೊಗಳನ್ನೂ ಪತ್ರಿಕೆ ಸಾಲಾಗಿ ಅಚ್ಚು ಹಾಕುತ್ತಿತ್ತು. ನಮ್ಮ ಸಂಪಾದಕರು ಇದಕ್ಕೆ ಒಪ್ಪುವುದಿಲ್ಲ. ಕೇಳಿ ನೋಡಿದ್ದೇನೆ.

ಅಲ್ಲಿಂದ ಕೆನಾಲ್ ಸ್ಟ್ರೀಟ್ ಹಿಡಿದು ಎಲ್ಡ್ರಿಜ್ ಸ್ಟ್ರೀಟಿಗೆ ಬನ್ನಿ. ಪೂರ್ವ ಯುರೋಪಿನಿಂದ ಬಂದವರು 1887ರಲ್ಲಿ ತೆರೆದ ಸಿನಗಾಗ್ ಈಗ ಮ್ಯೂಸಿಯಂ ಕೂಡ ಹೌದು. ಸುತ್ತ ಚೀನೀ ಅಂಗಡಿಗಳು. ಬೋರ್ಡು ಬದಲಾಗಿದೆ, ವಲಸೆ ಬಂದವರ ಬೀದಿ ವಲಸೆ ಬಂದವರದೇ ಆಗಿ ಉಳಿದಿದೆ.

ಜಾಸ್ತಿ ಹೊತ್ತು ಇಟ್ಟುಕೊಳ್ಳಬೇಕಾದದ್ದು 97, ಆರ್ಚರ್ಡ್ ಸ್ಟ್ರೀಟಿಗೆ. ಅದು ಟೆನೆಮೆಂಟ್ ಮ್ಯೂಸಿಯಂ. ಟೆನೆಮೆಂಟ್ ಅಂದರೆ ನಮ್ಮ ವಠಾರವೇ, ಒಂದರ ಮೇಲೊಂದು ಪೇರಿಸಿದ್ದು. 1863ರಲ್ಲಿ ಕಟ್ಟಿದಾಗ ಕಕ್ಕಸು ಹಿತ್ತಲಲ್ಲಿತ್ತು. ಮೂರು ಕೋಣೆ ಸೇರಿ ಸುಮಾರು 325 ಚದರ ಅಡಿ. ಲೆವಿನ್ ಎಂಬ ಯಹೂದಿ ಕುಟುಂಬ ಅಷ್ಟರಲ್ಲೇ ಸಂಸಾರವನ್ನೂ ಬಟ್ಟೆ ಹೊಲಿಯುವ ಕಾರ್ಖಾನೆಯನ್ನೂ ನಡೆಸಿತು. ಚೌಕಿಪೇಟೆಯ ವಠಾರದಲ್ಲಿ ಒಂದು ನಲ್ಲಿಗೆ ಏಳು ಮನೆಯವರು ಸಾಲು ನಿಂತಿದ್ದನ್ನು ಕಂಡವಳು ನಾನು. ಆ ಅಡುಗೆಮನೆಯಲ್ಲಿ ನಿಂತಾಗ ಅಮ್ಮನ ಕೊಡಪಾನ ನೆನಪಾಯಿತು. ರಿಪೇರಿ ಖರ್ಚು ಬೇಡವೆಂದು ಮಾಲೀಕರು 1935ರಲ್ಲಿ ಮೇಲಿನ ಮನೆಗಳನ್ನು ಖಾಲಿ ಮಾಡಿಸಿ ಬೀಗ ಹಾಕಿದರು. ಅದಕ್ಕೇ ಹಳೆಯದು ಉಳಿದಿದೆ. ಗೈಡ್ ಜೊತೆಗೇ ಒಳಗೆ ಬಿಡುತ್ತಾರೆ, ಟಿಕೆಟ್ ಮೊದಲೇ ಮಾಡಿಸಿ. ಮೆಟ್ಟಿಲು ಎಷ್ಟು ಅಂತ ಆಗಲೇ ಕೇಳಿಕೊಳ್ಳಿ. ಮಂಡಿ ಮುಖ್ಯ.

ಊಟದ ಚಿಂತೆ ಬೇಡ. ಯಹೂದಿಗಳ ಕೋಷರ್ ನಿಯಮದಲ್ಲಿ ಹಾಲು, ಮಾಂಸ ಬೆರೆಯುವಂತಿಲ್ಲ. ಹಾಗಾಗಿ ಕೋಷರ್ ‘ಡೇರಿ’ ಅಂಗಡಿಯಲ್ಲಿ ಮಾಂಸ ಇರುವುದಿಲ್ಲ. ಮೀನು, ಮೊಟ್ಟೆ ಇರಬಹುದು, ಕೇಳಿಯೇ ತಿನ್ನಿ. ಹೌಸ್ಟನ್ ಸ್ಟ್ರೀಟಿನಲ್ಲಿ 1910ರಿಂದ ಇರುವ ಯೋನಾ ಶಿಮ್ಮೆಲ್ ಅಂಗಡಿಯಲ್ಲಿ ಆಲೂಗೆಡ್ಡೆ ಕ್ನಿಶ್ ಸಿಗುತ್ತದೆ. ಆಲೂ ಪಲ್ಯವನ್ನು ತೆಳು ಹಿಟ್ಟಿನಲ್ಲಿ ಸುತ್ತಿ ಓವನ್‌ನಲ್ಲಿ ಬೇಯಿಸಿದ ಹಾಗೆ. ಹೊಟ್ಟೆ ತುಂಬುತ್ತದೆ. ಆದರೆ ಮಂಡಕ್ಕಿ, ಮೆಣಸಿನಕಾಯಿ ತಿಂದ ನಾಲಗೆಗೆ ಸಪ್ಪೆ ಸಪ್ಪೆ. ಜೇಬಿನಲ್ಲಿ ಚಟ್ನಿಪುಡಿ ಇರಲಿ.