ಸೇಂದಿ ಬಿಟ್ಟ ಮೂರನೇ ರಾತ್ರಿ

"ಕಳೆದ ಸಂಚಿಕೆಯಲ್ಲಿ ಮಾದಕ ವಸ್ತುಗಳ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಕೊಕೇನ್ ಇದೆ, ಎಲ್‌ಎಸ್‌ಡಿ ಇದೆ, ಬೆಂಗಳೂರಿನ ಪಾರ್ಟಿ ಇದೆ. ನಮ್ಮ ಊರಿನ ಸೇಂದಿ, ಅಂದರೆ ಈಚಲ ಕಳ್ಳಿನ ಪಾಕೀಟು, ಮಾತ್ರ ಎಲ್ಲೂ ಇಲ್ಲ. ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ, ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾನೆ. ಐದು ವರ್ಷದಿಂದ ದಿನಾ ಸೇಂದಿ ಬೇಕು. ಹೋದ ತಿಂಗಳು ಮನೆಯವರೆಲ್ಲ ಸೇರಿ ಕೋಣೆಯೊಳಗೆ ಹಾಕಿ ಕೀಲಿ ಜಡಿದೆವು. ಎರಡನೇ ದಿನ ಕೈ ನಡುಗಿದವು. ಮೂರನೇ ರಾತ್ರಿ ಜಂತಿಯಿಂದ ಹಾವು ಇಳಿಯುತ್ತಿವೆ ಎಂದು ಚೀರಿದ, ಹಿಂದೆಯೇ ಫಿಟ್ಸ್ ಬಂತು. ಹಿರಿಯರು ಗಾಳಿ ಸೋಕಿದೆ ಅಂದರು. ನಾನು ಹೆದರಿ ಒಂದು ಪಾಕೀಟು ತರಿಸಿ ಕುಡಿಸಿದೆ, ಅರ್ಧ ತಾಸಿನಲ್ಲಿ ಸುಮ್ಮನಾದ. ಇದು ಗಾಳಿಯೋ, ಸೇಂದಿಯೋ? ಮತ್ತೆ ಕೀಲಿ ಹಾಕಬೇಕೋ, ದೇವರ ಮುಂದೆ ಆಣೆ ಮಾಡಿಸಬೇಕೋ? ನಿಮ್ಮ ನಾಲ್ಕು ಪುಟದಲ್ಲಿ ನನಗೆ ಬೇಕಾದ ಒಂದು ಸಾಲೂ ಸಿಗಲಿಲ್ಲ."
– ಹೆಸರು ಬೇಡವೆಂದ ಓದುಗ ಸೋದರಿ, ರಾಯಚೂರು ತಾಲ್ಲೂಕು

ತಂಗೀ,

ಮೊದಲು ತಪ್ಪೊಪ್ಪಿಗೆ. ಆ ನಾಲ್ಕು ಪುಟ ಓದಿ ಅಚ್ಚಿಗೆ ಕಳಿಸಿದವನು ನಾನೇ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಓದುವವರಿಗೆಂದು ಪತ್ರಿಕೆ ಮಾಡುತ್ತ, ಇಲ್ಲಿಯ ಹಮಾಲರ ಮನೆಗಳಲ್ಲಿ ಸಂಜೆಗೆ ಏನು ಬರುತ್ತದೆ ಎಂಬುದನ್ನೇ ಬಿಟ್ಟೆವು. ಸೇಂದಿಯನ್ನು ನಾವೆಲ್ಲ ಮಾದಕ ವಸ್ತುವಿನ ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದು 'ಕುಡಿತ' ಅಷ್ಟೇ ಅಂದುಕೊಂಡಿದ್ದೆವು. ನಿಮ್ಮ ತಮ್ಮನ ಜೀವ ಕುತ್ತಿಗೆಗೆ ಬಂದದ್ದೂ ಇಂಥದೇ ಒಂದು ತಪ್ಪು ತಿಳಿವಳಿಕೆಯಿಂದ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಅದು ಗಾಳಿಯಲ್ಲ. ಸೇಂದಿ ಒಮ್ಮೆಲೇ ನಿಂತದ್ದರಿಂದ ಆದದ್ದು. ಮತ್ತೆ ಕೀಲಿ ಹಾಕಬೇಡಿ. ಇನ್ನೊಂದು ಸಲ ಹಾಗೆ ಮಾಡಿದರೆ ಜೀವ ಹೋಗಬಹುದು.

ಯಾಕೆ ಅಂತ ಹೇಳುತ್ತೇನೆ. ಈಚಲ ಮರದಿಂದ ಇಳಿದ ರಸ ಮೊದಲು ಸಿಹಿ. ಕೆಲವೇ ತಾಸಿನಲ್ಲಿ ಹುಳಿ ಬಂದು ಅದರಲ್ಲಿ ಆಲ್ಕೋಹಾಲು ಹುಟ್ಟುತ್ತದೆ, ಬಿಯರಿನಷ್ಟೇ. ಅಷ್ಟರಲ್ಲಿ ಹಾವು ಕಾಣುವುದಿಲ್ಲ. ನಮ್ಮಲ್ಲಿ ಸೇಂದಿ ಅಂಗಡಿಗಳು ಮುಚ್ಚಿದವು, 2007ರ ಜುಲೈಯಲ್ಲಿ ಸಾರಾಯಿಯೂ ನಿಂತಿತು, ಆದರೆ ಕುಡಿಯುವ ಬಾಯಿ ಎಲ್ಲಿ ನಿಂತೀತು? ಮರ ಕಡಿಮೆ, ಗಿರಾಕಿ ಬಹಳ. ಹಾಗಾಗಿ ನೀರು, ಸ್ಯಾಕರಿನ್, ಜತೆಗೆ ಏರು ಬರಲೆಂದು ಪುಡಿ. 'ಸಿಎಚ್ ಪೌಡರ್' ಎಂದು ನೀವೂ ಕೇಳಿರಬೇಕು. ಸಿಎಚ್ ಅಂದರೆ ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ಲೀಬಿಗ್ ಮೊದಲು ತಯಾರಿಸಿದ್ದು, 1869ರಿಂದ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂತು. ನಿದ್ದೆ ತರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ಕಡಿಮೆ, ಹೃದಯದ ಬಡಿತವನ್ನೂ ಅದು ತಪ್ಪಿಸುತ್ತದೆ. ಹಾಗಾಗಿ ವೈದ್ಯರು ಕ್ರಮೇಣ ಅದನ್ನು ಕೈಬಿಟ್ಟರು. ಈಗೀಗ ಪುಡಿಯ ಜಾಗದಲ್ಲಿ ಅಥವಾ ಪುಡಿಯ ಜತೆಗೆ ಅಲ್‌ಪ್ರಜೋಲಾಮ್ ಬೀಳುತ್ತದೆ. ಗಾಬರಿ ರೋಗಕ್ಕೆ ವೈದ್ಯರು ಕಾಲು ಮಿಲಿಗ್ರಾಂ, ಅರ್ಧ ಮಿಲಿಗ್ರಾಂ ಎಂದು ತೂಗಿ ಬರೆಯುವ ಗುಳಿಗೆ ಅದು. ಕೊಡದಲ್ಲಿ ಕೈಯಳತೆಗೆ ಕಲಸುವವನಿಗೆ ಮಿಲಿಗ್ರಾಂ ಎಲ್ಲಿಂದ ಗೊತ್ತಾಗಬೇಕು? ಇವತ್ತಿನ ಪಾಕೀಟೇ ಬೇರೆ, ನಾಳಿನದೇ ಬೇರೆ.

ಮಿದುಳಿಗೆ ಒಂದು ಬ್ರೇಕ್ ಇದೆ. ಅದು ಗಾಬಾ ಎಂಬ ರಾಸಾಯನಿಕದಿಂದ ನಡೆಯುತ್ತದೆ. ಆಲ್ಕೋಹಾಲು, ಕ್ಲೋರಲ್, ಅಲ್‌ಪ್ರಜೋಲಾಮ್ ಮೂರೂ ತುಳಿಯುವುದು ಆ ಬ್ರೇಕನ್ನೇ. ಎಪ್ಪತ್ತೈದು ಕೆಜಿಯ ಭತ್ತದ ಚೀಲ ದಿನವಿಡೀ ಹೊತ್ತ ಬೆನ್ನಿಗೆ ಮೊದಮೊದಲು ಅದು ಹಿತವೇ: ನೋವು ಮರೆಯುತ್ತದೆ, ಚಿಂತೆ ಇಳಿಯುತ್ತದೆ, ಗಕ್ಕನೆ ನಿದ್ದೆ. ಆದರೆ ದಿನಾ ಯಾರೋ ಬ್ರೇಕ್ ತುಳಿದೇ ಕೂತಿದ್ದರೆ ಮಿದುಳು ಸುಮ್ಮನಿರುವುದಿಲ್ಲ. ಗಾಡಿ ಓಡಲಿ ಎಂದು ಎಕ್ಸಲರೇಟರ್ ಒತ್ತುತ್ತ ಹೋಗುತ್ತದೆ. ವರ್ಷಗಟ್ಟಲೆ ಹೀಗೆ ಎರಡನ್ನೂ ಒತ್ತಿಕೊಂಡೇ ಓಡಿದ ಟ್ರ್ಯಾಕ್ಟರು ನಿಮ್ಮ ತಮ್ಮ. ನೀವು ಕೀಲಿ ಹಾಕಿದ ದಿನ ಬ್ರೇಕಿನ ಮೇಲಿನ ಕಾಲು ಎದ್ದಿತು, ಎಕ್ಸಲರೇಟರಿನ ಕಾಲು ಹಾಗೇ ಉಳಿಯಿತು. ಮೊದಲು ನಡುಕ, ಬೆವರು. ಆಮೇಲೆ ನಿದ್ದೆ ಇಲ್ಲ. ಎರಡು–ಮೂರನೇ ದಿನಕ್ಕೆ ಇಲ್ಲದ ಹಾವು, ಹುಳ, ಸತ್ತವರ ದನಿ. ಫಿಟ್ಸ್. ನೀವು ಬರೆದ ದಿನಗಳ ಲೆಕ್ಕ ವೈದ್ಯರ ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಪಾಕೀಟು ಕುಡಿಸಿದ ಕೂಡಲೇ ಸುಮ್ಮನಾದನಲ್ಲ, ಗಾಳಿಯಾಗಿದ್ದರೆ ಪಾಕೀಟಿಗೆ ಬಗ್ಗುತ್ತಿತ್ತೇ?

ಪಕ್ಕದ ತೆಲಂಗಾಣದಲ್ಲಿ 2015ರಲ್ಲಿ ಕಲಬೆರಕೆ ಕಳ್ಳಿನ ಮೇಲೆ, ಅಂದರೆ ನಮ್ಮ ಸೇಂದಿಯ ಮೇಲೆ, ಬಿಗಿ ಮಾಡಿದಾಗ ಊರೂರಿನಿಂದ ಜನ ಹೀಗೇ ನಡುಗುತ್ತ, ಬಡಬಡಿಸುತ್ತ ಸರ್ಕಾರಿ ಆಸ್ಪತ್ರೆಗಳಿಗೆ ಬಂದು ತುಂಬಿದರು. ಊರಿಗೆ ಊರೇ ಗಾಳಿ ಸೋಕಿಸಿಕೊಂಡಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. (ಇದೇ ತಾಪತ್ರಯದಲ್ಲಿರುವ ಬಳ್ಳಾರಿಯವರು ಅಲ್ಲಿಯ ಬಿಎಂಸಿಆರ್‌ಸಿಗೆ, ಅಂದರೆ ಹಿಂದಿನ ವಿಮ್ಸ್‌ಗೆ, ಕೊಪ್ಪಳದವರು ಕಿಮ್ಸ್‌ಗೆ ಹೋಗಲಿ.) 'ಮಾನಸಿಕ' ಎಂಬ ಬೋರ್ಡು ನೋಡಿ ಹಿಂದೆ ಸರಿಯಬೇಡಿ. ಅಲ್ಲಿ ಅದೇ ಬ್ರೇಕನ್ನು ನಿಧಾನವಾಗಿ ಒತ್ತುವ, ಬಹಳ ಹೊತ್ತು ಉಳಿಯುವ ಔಷಧಿಯನ್ನು ಅಳೆದು ಕೊಡುತ್ತಾರೆ, ಆಮೇಲೆ ದಿನದಿಂದ ದಿನಕ್ಕೆ ಇಳಿಸುತ್ತಾರೆ. ಇಳಿಜಾರಿನಲ್ಲಿ ತುಂಬಿದ ಟ್ರ್ಯಾಕ್ಟರನ್ನು ಕಲ್ಲು ಕೊಡುತ್ತ ಕೊಡುತ್ತ ಇಳಿಸಿದ ಹಾಗೆ. ಊರಿನ ಡಾಕ್ಟರು ಸಲೈನ್ ಹಚ್ಚಿ ಕಳಿಸುವುದುಂಟು. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟು ಬೀಳಬಹುದು, ಬಿ1 ಜೀವಸತ್ವದ ಇಂಜೆಕ್ಷನ್ ಮೊದಲೇ ಅಥವಾ ಜತೆಗೇ ಹೋಗಬೇಕು. ಕುಡಿತದ ವಿಷಯ ಮುಚ್ಚಿಟ್ಟರೆ ಡಾಕ್ಟರಿಗೆ ಅದು ತಿಳಿಯುವುದು ಹೇಗೆ?

ದಾರಿಯಲ್ಲಿ ಫಿಟ್ಸ್ ಬಂದರೆ ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ, ಬಾಯಿಗೆ ಚಮಚ, ಯಾವುದೂ ಬೇಡ. ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮಡಚಿದ ಟವೆಲ್ ಇಡಿ, ನೀರು ಕುಡಿಸಬೇಡಿ, 108ಕ್ಕೆ ಫೋನ್ ಮಾಡಿ.

ಪೊಲೀಸರ ಭಯ ಇದೆಯೆಂದೂ ಬರೆದಿದ್ದೀರಿ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಕಲಮು ನಿಮ್ಮಂಥವರಿಗಾಗಿಯೇ ಇದೆ: ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ, ಸೇವನೆಗಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ.

ಆಣೆಯ ಬಗ್ಗೆ. ಆಣೆ ಮಾಡಿಸಿ, ನನ್ನ ತಕರಾರಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮಾಡಿಸಿ. ಗಾಬಾಕ್ಕೆ ಆಣೆ ಭಾಷೆ ತಿಳಿಯುವುದಿಲ್ಲ. ನಾನು ಇಪ್ಪತ್ತು ವರ್ಷ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕಿದವನು, ಮೂರು ದೇವರ ಮುಂದೆ ಆಣೆ ಮಾಡಿ ಮೂರು ಸಲ ತಪ್ಪಿದ್ದೇನೆ. ಸೊಂಟದ ಚಂಚಿಯಲ್ಲಿ ನಿಕೋಟಿನ್ ಇಟ್ಟುಕೊಂಡು ಅನ್ಯರ ಚಟದ ಬಗ್ಗೆ ಸಂಪಾದಕೀಯ ಬರೆಯುತ್ತಿದ್ದ ಕಾಲವೂ ಇತ್ತು.

"ಎಲ್ಲಾ ನಶೆ ಒಂದೇ ಅಲ್ಲವೇ, ಗಟ್ಟಿ ಮನಸ್ಸು ಮಾಡಿದರೆ ಬಿಡಬಹುದಲ್ಲ" ಎಂದು ನಿಮ್ಮ ಚಿಕ್ಕಪ್ಪ ಹೇಳಿದರಂತೆ. ಒಂದೇ ಅಲ್ಲ. ಬಿಡುವ ದಾರಿಯೂ ಒಂದೇ ಅಲ್ಲ. ನಮ್ಮ ನಾಲ್ಕು ಪುಟ ತಪ್ಪಿದ್ದು ಇಲ್ಲಿಯೇ: ಹೆಸರುಗಳ ಪಟ್ಟಿ ಕೊಟ್ಟೆವು, ಯಾವುದನ್ನು ಹೇಗೆ ಬಿಡಿಸಬೇಕು ಎಂದು ಹೇಳಲಿಲ್ಲ.

ನೋವಿನ ಗುಳಿಗೆ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಬ್ರೌನ್ ಶುಗರ್, ಇವು ಅಫೀಮಿನ ಬಳಗ. ಕಣ್ಣಪಾಪೆ ಸಾಸಿವೆಯಷ್ಟಾಗುತ್ತದೆ, ತೂಕಡಿಕೆ, ಮಲಬದ್ಧತೆ, ಹೆಚ್ಚಾದರೆ ಉಸಿರೇ ಮರೆತುಹೋಗುತ್ತದೆ. ಬಿಟ್ಟಾಗ ಆಕಳಿಕೆ, ಮೂಗು ಸೋರುವುದು, ಭೇದಿ, ಮೈಯ ಕೂದಲೆಲ್ಲ ನೆಟ್ಟಗಾಗುವುದು. ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ, ಸಾಮಾನ್ಯವಾಗಿ ಸಾಯುವುದಿಲ್ಲ. ಸಾಯುವುದು ಆಮೇಲೆ: ಎರಡು ತಿಂಗಳು ಬಿಟ್ಟು, ಮದುವೆ ಮನೆಯಲ್ಲಿ ಯಾರೋ ಕೊಟ್ಟರೆಂದು ಹಳೆಯ ಅಳತೆಯಲ್ಲೇ ತೆಗೆದುಕೊಂಡಾಗ. ಅಷ್ಟರಲ್ಲಿ ಮೈ ಆ ಅಳತೆ ತಡೆಯುವುದನ್ನು ಮರೆತಿರುತ್ತದೆ.

ಬಸ್ ಸ್ಟ್ಯಾಂಡಿನ ಹಿಂದೆ ಅರಿವೆ ಮುದ್ದೆ ಮಾಡಿ ಮೂಗಿಗೆ ಹಿಡಿದ ಹುಡುಗರನ್ನು ನೋಡಿದ್ದೀರಲ್ಲ, ಅದು ಪಂಕ್ಚರ್ ಸೊಲ್ಯೂಷನ್. ಒಳಗಿನ ಟಾಲೂಯೀನ್ ಎಂಬ ರಾಸಾಯನಿಕ ಸೆಕೆಂಡುಗಳಲ್ಲಿ ಮಿದುಳಿಗೇರುತ್ತದೆ, ಹಸಿವು ಸತ್ತುಹೋಗುತ್ತದೆ. ಹಸಿದ ಹುಡುಗರಿಗೆ ಊಟಕ್ಕಿಂತ ಅದೇ ಅಗ್ಗ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡದ್ದು ಈ ಮೂಸುವ ಚಟ: ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.7. ಒಂದು ಮಾತು ಅಂಗಡಿಯವರಿಗೂ ಹೋಮ್‌ಗಾರ್ಡ್‌ಗಳಿಗೂ: ಮೂಸುತ್ತಿರುವ ಹುಡುಗನನ್ನು ಬೆನ್ನಟ್ಟಬೇಡಿ. ಆ ಹೊತ್ತಿನಲ್ಲಿ ಹೆದರಿ ಓಡಿದರೆ ಹೃದಯ ಅಲ್ಲೇ ನಿಂತುಬಿಡಬಹುದು.

ಗಾಂಜಾ ನಮ್ಮ ಸೀಮೆಗೆ ಹೊಸತಲ್ಲ, ಗುಡಿಯ ಕಟ್ಟೆಯ ಮೇಲೆ ಚಿಲುಮೆ ನೋಡದವರು ಯಾರು? ಕಣ್ಣು ಕೆಂಪು, ಬಾಯಿ ಒಣಗು, ಎದೆ ಡವಡವ, ಹೊತ್ತಿನ ಲೆಕ್ಕವೇ ತಪ್ಪುತ್ತದೆ. ಮುಪ್ಪಿನ ಸಾಧುವಿನ ಮಾತು ಬೇರೆ, ಹದಿನಾರರ ಹುಡುಗನ ಮಾತು ಬೇರೆ. ಬೆಳೆಯುವ ಮಿದುಳಿಗೆ ದಿನಾ ಹೊಗೆ ಬಿದ್ದರೆ ನೆನಪು ಮಂಕಾಗುತ್ತದೆ, ಕೆಲವರಲ್ಲಿ ಸಂಶಯ, ಕಿವಿಯಲ್ಲಿ ದನಿ ಶುರುವಾಗಿ ಮನೋರೋಗಕ್ಕೇ ತಿರುಗುತ್ತದೆ. ಇನ್ನು ಕೊಕೇನ್, ಎಂಡಿಎಂಎಗಳಂಥವು ಬ್ರೇಕಲ್ಲ, ಎಕ್ಸಲರೇಟರು. ನಿದ್ದೆ, ಹಸಿವು ಓಡಿಸಿ ರಕ್ತದೊತ್ತಡ ಏರಿಸುತ್ತವೆ. ಅವುಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬೇಕಾದಷ್ಟು ಬರೆದಾಗಿದೆ.

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕ ನಿಮ್ಮ ಹಿರಿಯರಿಗೆ ಓದಿ ಹೇಳಿ. ದೇಶದಲ್ಲಿ ಕುಡಿಯುವವರು 16 ಕೋಟಿ. ನಿದ್ದೆ, ನೆಮ್ಮದಿಯ ಔಷಧಿಗಳನ್ನು ಚಟವಾಗಿಯೋ ಮನಬಂದಂತೆಯೋ ಬಳಸುವವರು 1.18 ಕೋಟಿ. ಈ ಎರಡು ಗುಂಪಿನಲ್ಲಿ ದಿನಾ ಬೇಕೇ ಬೇಕು ಎನ್ನುವವರನ್ನು ಒಮ್ಮೆಲೇ ನಿಲ್ಲಿಸುವುದೇ ಅಪಾಯ. ನಿಮ್ಮ ತಮ್ಮ ಎರಡರಲ್ಲೂ ಇದ್ದಾನೆ, ಅದೂ ಒಂದೇ ಪಾಕೀಟಿನಿಂದ.

ಹೊರಡುವ ಮುಂಚೆ ಯಾರಾದರೂ ಬಲ್ಲವರ ಜತೆ ಮಾತಾಡಬೇಕು ಅನ್ನಿಸಿದರೆ 14446, ಅದು ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. 14416 ಟೆಲಿ ಮಾನಸ್, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಎರಡಕ್ಕೂ ದುಡ್ಡಿಲ್ಲ.

ನಿಮ್ಮ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲಿತ್ತು, ನಿಮ್ಮ ಕೈಬರಹವಲ್ಲ. "ಸರ್, ನಿದ್ದಿ ಬಂದ್ರ ಸಾಕ್ರಿ." ಇನ್ನುಳಿದದ್ದು ಅವನಿಗೆ.

ತಮ್ಮಾ, ನಿದ್ದೆ ಬರುತ್ತದೆ, ಆದರೆ ಮೊದಲ ಕೆಲವು ವಾರ ತುಂಡು ತುಂಡಾಗಿ ಬರುತ್ತದೆ. ನಡುರಾತ್ರಿ ಎದ್ದು ಕೂತರೆ ರೋಗ ಮರಳಿತು ಅಂದುಕೊಳ್ಳಬೇಡ. ಡಾಕ್ಟರು ದಿನಕ್ಕೆ ಎಷ್ಟು ಅಂತ ಕೇಳುತ್ತಾರೆ. ಅಕ್ಕ ನಿನ್ನ ಪಕ್ಕದಲ್ಲೇ ಕೂತಿರುತ್ತಾಳೆ, ನಾಚಿಕೆಗೆ ಎರಡು ಅನ್ನಬೇಡ. ಐದಿದ್ದರೆ ಐದು ಅನ್ನು, ಔಷಧಿಯ ಅಳತೆ ನಿಂತಿರುವುದು ಅದರ ಮೇಲೆ. ಅಕ್ಕನ ಮುಂದೆ ಹೇಳಲಾಗದಿದ್ದರೆ ಅವಳನ್ನು ಚೀಟಿ ಮಾಡಿಸಲು ಕಳಿಸಿ ಹೇಳು. ಖಾಲಿ ಪಾಕೀಟು ಒಂದಿದ್ದರೆ ಎಸೆಯದೆ ಕಿಸೆಯಲ್ಲಿ ಇಟ್ಟುಕೊಂಡು ಹೋಗು, ಅವರೂ ನೋಡಲಿ.

– ಸಂಪಾದಕ