ವಕೀಲರಿಗೆ ಕೊಡಲು ಹಣವಿಲ್ಲ, ಕೋರ್ಟಿನಲ್ಲಿ ನಾನೇ ನಿಲ್ಲಬಹುದಾ?

ಪ್ರಶ್ನೆ: ಮೇಡಂ, ನಾನು ಮುಂಬೈನ ಕುರ್ಲಾದಲ್ಲಿದ್ದೇನೆ. ಊರು ಯಾದಗಿರಿ ಕಡೆ. ಒಂದು ಕ್ಯಾಂಟೀನಿನಲ್ಲಿ ಅಡುಗೆ ಕೆಲಸ, ತಿಂಗಳಿಗೆ 14 ಸಾವಿರ ಬರುತ್ತದೆ. ಗಂಡ ಎರಡು ವರ್ಷದಿಂದ ಬೇರೆ ಇದ್ದಾರೆ. ಆರನೇ ಕ್ಲಾಸಿನ ಮಗ ನನ್ನ ಜೊತೆಗಿದ್ದಾನೆ. ಹೋದ ವಾರ ಬಾಂದ್ರಾದ ಫ್ಯಾಮಿಲಿ ಕೋರ್ಟಿನಿಂದ ಸಮನ್ಸ್ ಬಂತು, ಅವರು ಡೈವೋರ್ಸ್ ಕೇಳಿದ್ದಾರೆ. ಒಬ್ಬ ವಕೀಲರು 60 ಸಾವಿರ ಅಂದರು. ಅಷ್ಟು ಎಲ್ಲಿಂದ ತರಲಿ? ನಾನೇ ನಿಂತು ಮಾತಾಡಬಹುದಾ? ಮರಾಠಿ ಮಾತಾಡುತ್ತೇನೆ, ಓದಲು ಬರೆಯಲು ಬರುವುದಿಲ್ಲ. ಮದುವೆಯ ಕಾಗದಪತ್ರ ಕನ್ನಡದಲ್ಲಿವೆ.
– ಹೆಸರು ಬೇಡ, ಕುರ್ಲಾ

ಉತ್ತರ: ನಿಲ್ಲಬಹುದು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಲ್ಲಿ ವಕೀಲರನ್ನು ನಿಲ್ಲಿಸುವುದು ಯಾರ ಹಕ್ಕೂ ಅಲ್ಲ, ಕೋರ್ಟ್ ಒಪ್ಪಬೇಕು. ಗಂಡ ಹೆಂಡತಿ ತಾವೇ ಬಂದು ಮಾತಾಡಲಿ ಅಂತಲೇ ಆ ಕಾಯ್ದೆ ಬಂದದ್ದು. ಆದರೆ ಈಗ ಅನುಮತಿ ಕೇಳಿದವರಿಗೆ ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಗಂಡನ ಕಡೆ ವಕೀಲರು ಇರುತ್ತಾರೆ ಅಂದುಕೊಂಡೇ ಹೋಗಿ.

ಹಾಗಾಗಿ ಒಬ್ಬರೇ ನಿಲ್ಲುವ ಯೋಚನೆಗೆ ಮುಂಚೆ ಉಚಿತ ಕಾನೂನು ನೆರವಿಗೆ ಅರ್ಜಿ ಹಾಕಿ. ಬಡವರಿಗೆ ಮಾತ್ರ ಇದು ಅಂತ ತುಂಬ ಜನ ತಿಳಿದಿದ್ದಾರೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 12ನೇ ಸೆಕ್ಷನ್. ನಿಮ್ಮ ಸಂಬಳ 14 ಸಾವಿರ ಇರಲಿ, 40 ಸಾವಿರ ಇರಲಿ, ನಿಮಗೆ ಹಕ್ಕಿದೆ. (ಗಂಡಸರಿಗೆ ಮಹಾರಾಷ್ಟ್ರದಲ್ಲಿ ವರ್ಷದ ಆದಾಯ 3 ಲಕ್ಷದೊಳಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಾದರೆ ಆ ಮಿತಿಯೂ ಇಲ್ಲ.) 15100 ನಂಬರಿಗೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಇಲ್ಲವೇ ಕೋರ್ಟಿಗೆ ಹೋಗಿ ‘ವಿಧಿ ಸೇವಾ’ (ಕಾನೂನು ನೆರವಿನ) ಆಫೀಸು ಎಲ್ಲಿ ಅಂತ ಕೇಳಿ. ಆಧಾರ್, ಸಮನ್ಸ್, ಅದರ ಜೊತೆ ಬಂದ ಅರ್ಜಿ, ಮೂರರದ್ದೂ ಜೆರಾಕ್ಸ್ ಇರಲಿ. ಅವರು ಕೊಡುವ ವಕೀಲರು ನಿಮ್ಮಿಂದ ಫೀಸು ತಗೊಳ್ಳುವಂತಿಲ್ಲ. ಓಡಾಟಕ್ಕೆ, ಟೈಪಿಂಗಿಗೆ ಅಂತ ಕೈ ಚಾಚಿದರೆ ಆ ಆಫೀಸಿಗೆ ಬರೆದು ಕೊಡಿ, ಬೇರೆ ವಕೀಲರನ್ನು ಕೇಳಿ.

ಪುಕ್ಕಟೆ ವಕೀಲರು ಸರಿಯಾಗಿ ನಡೆಸುವುದಿಲ್ಲ ಅಂತ ನಿಮ್ಮ ಚಾಳಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಂಥವರೂ ಇದ್ದಾರೆ, ಸುಳ್ಳಲ್ಲ. ಕಕ್ಷಿದಾರರ ಮಗುವಿಗೆ ಜ್ವರ ಬಂದಿದೆ ಅಂತ ತಾವೇ ಕೋರ್ಟಿನಲ್ಲಿ ಮುಂದಿನ ತಾರೀಖು ಕೇಳಿ ತಗೊಂಡು, ಸಂಜೆ ಫೋನ್ ಮಾಡಿ ವಿಚಾರಿಸಿದವರನ್ನೂ ನಾನು ನೋಡಿದ್ದೇನೆ. ನೆರೆಯವರ ಮಾತು ಕೇಳಿ ಸುಮ್ನೆ ಕೂರಬೇಡಿ.

ಇನ್ನೊಂದು ದಾರಿ ನಿಮ್ಮಂಥವರಿಗೆ ಯಾರೂ ಹೇಳುವುದೇ ಇಲ್ಲ, ಅದು ನನಗೆ ತುಂಬ ಬೇಜಾರಿನ ವಿಷಯ. ಹಿಂದೂ ವಿವಾಹ ಕಾಯ್ದೆಯಲ್ಲಿ ಕೇಸು ನಡೆಯುತ್ತಿದ್ದರೆ, 24ನೇ ಸೆಕ್ಷನ್ ಕೆಳಗೆ ಮಧ್ಯಂತರ ಜೀವನಾಂಶದ (ಕೇಸು ಮುಗಿಯುವವರೆಗೆ ತಿಂಗಳಿಗೆ ಕೊಡುವ ಹಣ) ಜೊತೆ ಕೇಸಿನ ಖರ್ಚನ್ನೂ ಗಂಡನಿಂದ ಕೊಡಿಸಿ ಅಂತ ನೀವು ಕೇಳಬಹುದು. ನೀವು ದುಡಿಯುತ್ತಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಅದು ತಪ್ಪುವುದಿಲ್ಲ. ಮಗನ ಖರ್ಚನ್ನೂ ಕೇಳಿ. ಈ ಅರ್ಜಿಯ ನೋಟಿಸ್ ಗಂಡನಿಗೆ ಮುಟ್ಟಿದ 60 ದಿನದೊಳಗೆ ಇದನ್ನು ಆದಷ್ಟು ಮಟ್ಟಿಗೆ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ, ಅದಕ್ಕೇ ಅರ್ಜಿ ಬೇಗ ಬೀಳಬೇಕು. ಇಂಥ ಕೇಸುಗಳಲ್ಲಿ ಹೆಂಗಸರಿಗೆ ಮಹಾರಾಷ್ಟ್ರದಲ್ಲಿ 1994ರಿಂದ ಕೋರ್ಟ್ ಫೀಸೂ ಮಾಫಿ ಇದೆ.

ಜೀವನಾಂಶ ಕೇಳುವಾಗ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚಿನ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ನೀವು ಮೈಮುರಿದು ಕೆಲಸ ಮಾಡಬೇಕಾದ ಜಾಗ ಇದು. ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಬಂದಾಗ ಒಂದೇ ಸಾಲು ಬರೆಸಿಕೊಂಡು ಬಂದಿದ್ದಳು: ‘ಮನೆ ಖರ್ಚು 9 ಸಾವಿರ’. ಚೀಲದಲ್ಲಿ ಏನಿದೆ ತೆಗಿಯಮ್ಮ ಅಂದೆ. ಲೈಟ್ ಬಿಲ್ಲು ಬಂತು. ಖೋಲಿ ಬಾಡಿಗೆ ಬರೆದಿಟ್ಟ ಚಿಕ್ಕ ಡೈರಿ ಬಂತು. ಮಗಳ ಕನ್ನಡಕದ ರಸೀದಿ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಟ್ಯೂಷನ್ ಟೀಚರಿಗೆ ಫೋನಿನಲ್ಲಿ ಹಾಕಿದ ದುಡ್ಡಿನ ಮೆಸೇಜು ಬಂದವು. ಎಲ್ಲ ಕೂಡಿಸಿದರೆ 16 ಸಾವಿರ ದಾಟಿತು. ತನ್ನ ಖರ್ಚು ಎಷ್ಟೆಂದು ಅವಳಿಗೇ ಗೊತ್ತಿರಲಿಲ್ಲ! ಉದ್ರಿ ಪುಸ್ತಕ ಒದ್ದೆಯಾಗಿ ಅರ್ಧ ಅಳಿಸಿತ್ತು. ನಿಮ್ಮದನ್ನು ಇವತ್ತೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಗಂಡನ ಕೆಲಸ ಎಲ್ಲಿ, ಗಾಡಿ ಯಾವುದು, ಊರಿನಲ್ಲಿ ಜಮೀನು ಇದೆಯಾ, ಗೊತ್ತಿದ್ದಷ್ಟು ಯಾರಿಂದಲಾದರೂ ಬರೆಸಿ.

ಸಮನ್ಸ್ ಕೈಗೆ ಬಂದ ತಾರೀಖು ಮರೆಯಬೇಡಿ. ಅಲ್ಲಿಂದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕಾರಣ ಹೇಳಿ ಕೇಳಿದರೆ ಕೋರ್ಟ್ 90 ದಿನದವರೆಗೆ ಕೊಡಬಹುದು. ಅಷ್ಟರಲ್ಲಿ ವಕೀಲರು ಸಿಗದಿದ್ದರೂ ಕೋರ್ಟಿಗೆ ಹೋಗಿ, ನೆರವಿಗೆ ಅರ್ಜಿ ಹಾಕಿದ್ದೇನೆ, ಸಮಯ ಬೇಕು ಅನ್ನಿ. ಹೋಗದೇ ಇದ್ದರೆ ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯವಾಗಿ ಕೇಸು ಮುಗಿಯಬಹುದು.

ಲಗ್ನಪತ್ರಿಕೆ, ಊರಿನ ಕಾಗದ ಇವುಗಳ ಅನುವಾದ ಬೇಕಾಗುತ್ತದೆ. ಅದರ ಖರ್ಚೂ ನೆರವಿನಲ್ಲಿ ಸೇರಲಿ ಅಂತ ಅರ್ಜಿಯಲ್ಲೇ ಕೇಳಿ. ಕೋರ್ಟ್ ಕೇಳುವವರೆಗೆ ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ನೆರವು ತಡವಾಗಿ, ಕೈಯಲ್ಲಿ ಸ್ವಲ್ಪ ಹಣವಿದ್ದರೆ ಇಡೀ ಕೇಸಿಗೆ ವಕೀಲರನ್ನು ಹಿಡಿಯಬೇಡಿ. ಉತ್ತರ ಬರೆಸುವುದು, ಗಂಡನ ಪಾಟಿ ಸವಾಲು (ಅವರ ಸಾಕ್ಷ್ಯದ ಮೇಲೆ ಪ್ರಶ್ನೆ ಕೇಳುವುದು), ಇವೆರಡಕ್ಕೆ ಮಾತ್ರ ಎಷ್ಟು ಅಂತ ಕೇಳಿ. ಒಪ್ಪುವವರಿದ್ದಾರೆ. ತಾರೀಖಿಗೆ ಹೋಗಿ ಬರುವುದು ನೀವೇ ಮಾಡಬಹುದು. ಪ್ರತಿ ಸಲ ಹೊರಡುವ ಮುಂಚೆ ಮುಂದಿನ ತಾರೀಖು ಕೇಳಿ ಬರೆಸಿಕೊಳ್ಳಿ.

ಕೋರ್ಟಿನ ಮ್ಯಾರೇಜ್ ಕೌನ್ಸೆಲರ್ ಹತ್ತಿರ ನಿಮ್ಮಿಬ್ಬರನ್ನೂ ಕಳಿಸುತ್ತಾರೆ. ಅದಕ್ಕೆ ದುಡ್ಡಿಲ್ಲ. ಮನಸ್ಸು ಬಿಚ್ಚಿ ಮಾತಾಡಿ. ರಾಜಿಯ ಮಾತು ಬಂದು ‘ಕನ್ಸೆಂಟ್ ಟರ್ಮ್ಸ್’ (ರಾಜಿಯ ಷರತ್ತು ಬರೆದ ಕಾಗದ) ಮುಂದಿಟ್ಟರೆ ಮಾತ್ರ ಆ ದಿನವೇ ಸಹಿ ಹಾಕಬೇಡಿ. ಮನೆಗೆ ತನ್ನಿ, ನಂಬಿಕೆಯವರಿಂದ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಮಗ ಯಾರ ಹತ್ತಿರ, ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಕೊಡದಿದ್ದರೆ ಏನು, ಈ ನಾಲ್ಕು ಅದರಲ್ಲಿ ಇವೆಯಾ ನೋಡಿ. ಕೋರ್ಟ್ ಕರೆಯುವವರೆಗೆ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ಅವನು ಶಾಲೆಗೆ ಹೋಗಲಿ.